ನಮ್ಮಾಕೆಯ ಅಂಗಡಿಗೆ ಗಿರಾಕಿ ಬೇಕು

ಕಚೇರಿಯಲ್ಲಿ ಆಡಿದ ಮಾತನ್ನು ಮನೆಯಲ್ಲಿ ಮತ್ತೆ ಆಡಬಾರದು ಎಂಬ ವಿವೇಕ ನನಗೆ ಸ್ವಲ್ಪ ತಡವಾಗಿ ಬಂತು. ಅಕ್ಕಲಕೋಟೆಯಿಂದ ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಒಂದು ತೂಕಡಿಕೆ ಮುಗಿಸುವಷ್ಟರಲ್ಲಿ ಸಿಗುವ ಸಣ್ಣ ಊರು ನಮ್ಮದು. ಅಲ್ಲಿನ ನಗರಪರಿಷತ್ತಿನಲ್ಲಿ ನಾನು ಕಡತ ಬರೆಯುವ ಕಾರಕೂನ. ಹೋದ ವರ್ಷ ಊರಲ್ಲಿ ವ್ಯಾಪಾರ ಬೆಳೆಯಲೆಂದು ಒಂದು ಯೋಜನೆ ಬಂತು. ಹೊಸದಾಗಿ ಧಂದೆ ಹೂಡುವವರಿಗೆ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿ ಒಂದು ವರ್ಷ ಪುಕ್ಕಟೆ. ಆಮೇಲೆ ಸೊಲ್ಲಾಪುರದ ಸಾಹೇಬರು ಬಂದು ನೋಡುತ್ತಾರೆ. ವ್ಯಾಪಾರ ನಿಜವಾಗಿ ನಡೆದಿದ್ದರೆ ಮುಂದೆ ಅರ್ಧ ಬಾಡಿಗೆ, ಇಲ್ಲದಿದ್ದರೆ ಬೀಗ. ಇದನ್ನು ಊರಿಗೆ ಸಾರುವ ಕೆಲಸ ನನ್ನ ಪಾಲಿಗೆ ಬಂತು. ಮೈಕು ಹಿಡಿದು ಮರಾಠಿಯಲ್ಲೂ ಕನ್ನಡದಲ್ಲೂ ಗಂಟಲು ಹರಿದುಕೊಂಡೆ. ಒಂದು ನರಪಿಳ್ಳೆಯೂ ಬರಲಿಲ್ಲ. ಸೋತು ಮನೆಗೆ ಬಂದು ಊಟಕ್ಕೆ ಕೂತವನು, ಇನ್ನಷ್ಟು ಶೇಂಗಾ ಚಟ್ನಿ ಬೀಳಲಿ ಎಂಬ ಆಸೆಯಿಂದ, "ಏನ್ ಕಡಕ್ ರೊಟ್ಟಿ ಮಾಡ್ತಿ! ನೀನೇ ಒಂದ್ ಅಂಗಡಿ ಇಡಬೇಕ್ ನೋಡು" ಎಂದೆ. ನನ್ನ ಹೆಂಡತಿ ಸುಮಿತ್ರಾ ಅದನ್ನು ನಿಜವೆಂದೇ ತಿಳಿದಳು. ನೌಕರನ ಹೆಂಡತಿಗೆ ಅಂಗಡಿ ಕೊಡಬಹುದೇ ಎಂದು ನಮ್ಮ ಮುಖ್ಯಾಧಿಕಾರಿಗಳನ್ನು ಕೇಳಿದರೆ, "ಬೇರೆ ಯಾರು ಬಂದಾರ್ರಿ?" ಎಂದು ಬೀಗದ ಕೈ ಕೊಟ್ಟೇಬಿಟ್ಟರು.

ಮೊದಲ ದಿನವೇ ಎದುರು ಮನೆಯ ಕಾಕು, ಊರಿಗೆಲ್ಲ ಚಿಕ್ಕಮ್ಮ, ಬಂದು ರೊಟ್ಟಿ ಕಟ್ಟಿಸಿಕೊಂಡರು. ಸುಮಿತ್ರಾ ದರ ಹೇಳಿದಳು. ಕಾಕು ಕಣ್ಣಿಗೆ ಸೆರಗು ಒತ್ತಿಕೊಂಡು, "ಸೊಸಿ ಕೈಯಾಗಿನ ರೊಟ್ಟಿಗೆ ರೊಕ್ಕ ಕೊಡೂ ದಿವಸ ಬಂತೇನವಾ?" ಎಂದರು. ಈಕೆ ಗಾಬರಿಯಾಗಿ, "ತಪ್ಪಾತ್ರಿ ಕಾಕು, ಒಯ್ಯಿರಿ" ಎಂದಳು. ಮರುದಿನದಿಂದ ಊರಿನ ಕಾಕಾ, ಮಾಮಾ, ಅತ್ತಿ ಎಲ್ಲರೂ ಸ್ಟೀಲ್ ಡಬ್ಬಿ ಹಿಡಿದು ಬಂದರು. ನಮ್ಮಲ್ಲಿ ಡಬ್ಬಿಯನ್ನು ಖಾಲಿ ಕಳಿಸುವ ರೂಢಿಯಿಲ್ಲ. ರೊಟ್ಟಿ ಒಯ್ಯುವ ಡಬ್ಬಿಯಲ್ಲಿ ಬದನೆಕಾಯಿ ಬಂತು, ತೊಗರಿಬೇಳೆ ಬಂತು, ಹುಣಸೆಹಣ್ಣು, ಜೋಳ ಎಲ್ಲ ಬಂದವು. ಕಾಕುವಿನ ಬದನೆಕಾಯಿ ಶಾಲೆಯ ಮಾಸ್ತರರ ಮನೆಗೆ, ಮಾಸ್ತರರ ಬೇಳೆ ಇನ್ನೊಬ್ಬರ ಮನೆಗೆ ಹಂಚುತ್ತ ಸುಮಿತ್ರಾ ಅಂಗಡಿಯಲ್ಲೇ ಇರತೊಡಗಿದಳು. ಮನೆಯ ಒಲೆ ತಣ್ಣಗಾಯಿತು. ನನ್ನ ಮಧ್ಯಾಹ್ನದ ಊಟವೂ ಅಲ್ಲಿಗೇ ಹೋಯಿತು.

ಊರವರಾರಿಗೂ ರೊಟ್ಟಿ ಮಾರದ ರೊಟ್ಟಿ ಅಂಗಡಿಯನ್ನು ಸಾಹೇಬರು ಉಳಿಸುತ್ತಾರೆಯೇ? ನನಗೆ ನಿದ್ದೆ ಹತ್ತದಾಯಿತು. ಅಂಗಡಿ ಹೋದರೆ ಹೋಗಲಿ ಎನ್ನೋಣವೆಂದರೆ, ಒಂದು ಸಂಜೆ ಶಟರು ಒರೆಸುತ್ತ ಆಕೆ ಹೇಳಿದ್ದು ಕಿವಿಯಲ್ಲಿತ್ತು: "ಇಷ್ಟ ವರ್ಷ ಕಾರಕೂನರ ಹೇಣ್ತಿ ಅಂತಿದ್ರು. ಈಗ ಸುಮಿತ್ರಕ್ಕನ ಅಂಗಡಿ ಅಂತಾರ್ರಿ." ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಖುಷಿಯನ್ನು ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ. ನನಗೂ ಖುಷಿಯೇ ಆಗಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ವರ್ಷ ತುಂಬಿತು, ಸಾಹೇಬರು ಬಂದೇಬಿಟ್ಟರು. ಮಂಗಳವೇಢೆಯ ಕಡೆಯವರು, ಕನ್ನಡ ಬರುತ್ತಿತ್ತು. ನಾನು ಆಗಷ್ಟೇ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಅವರು ಬದನೆಕಾಯಿಯ ರಾಶಿಯನ್ನೂ ಡಬ್ಬಿಗಳ ಸಾಲನ್ನೂ ನೋಡಿ ಹುಬ್ಬು ಗಂಟಿಕ್ಕಿದರು.

"ಅಕ್ಕಾರ, ಇಲ್ಲಿ ರೊಕ್ಕಾ ಕೊಡೂ ಗಿರಾಕಿ ಯಾರರ ಅದಾರೇನ್ರಿ?"

ನಾನು ತೊಳೆದ ಕೈಯನ್ನೇ ಮತ್ತೆ ತೊಳೆಯತೊಡಗಿದೆ. ಸುಮಿತ್ರಾ ಮಾತ್ರ ಶಾಂತವಾಗಿ ನನ್ನ ಕಡೆ ಕೈ ತೋರಿಸಿದಳು.

"ಅದಾರಲ್ರಿ ಸಾಹೇಬ್ರ, ಇವರು. ಊರವರೆಲ್ಲಾ ಡಬ್ಬಿ ತುಂಬಿ ತರತಾರ್ರಿ. ಇವರೊಬ್ರೇ ಬರಿಗೈಲೆ ಬಂದು ಉಂಡು ಹೋಗತಾರ. ಅದಕ್ಕ ದಿನಾ ರೊಕ್ಕಾ ಇಸ್ಕೋತೀನ್ರಿ."

ಸಾಹೇಬರು ನನ್ನ ಒದ್ದೆ ಕೈಯನ್ನು ನೋಡಿದರು, ತಾವೂ ಒಂದು ರೊಟ್ಟಿ ಮುರಿದು ಚಟ್ನಿಗೆ ಅದ್ದಿದರು, "ಧಂದಾ ಬರೋಬರಿ ನಡದೈತಿ" ಎಂದು ಹೇಳಿ ಹೋದರು. ಅಂಗಡಿ ಉಳಿಯಿತು. ಅವರ ಜೀಪು ತಿರುಗುವ ಮೊದಲೇ ಸುಮಿತ್ರಾ ನನ್ನನ್ನು ಕರೆದಳು.

"ರೀ, ಇನ್ ಮ್ಯಾಲೆ ಅರ್ಧ ಬಾಡಿಗಿ ಕಟ್ಟಬೇಕಲ್ರಿ? ನಾಳಿಂದ ನಿಮ್ಮ ಊಟದ ರೇಟು ಜರಾ ಏರತೈತಿ."

ತಕರಾರು ಹೇಳೋಣವೆಂದರೆ, ನಗರಪರಿಷತ್ತಿನಲ್ಲಿ ಅಂಗಡಿಗಳ ತಕರಾರು ಬರೆದುಕೊಳ್ಳುವ ಕಾರಕೂನನೂ ನಾನೇ. ಹೂಂ ಎಂದು ಕಚೇರಿಗೆ ನಡೆದೆ.