ಆಂಪ್ಲಿಫೈಯರಿನೊಳಗೆ ಪುಟ್ಟತಾಯಮ್ಮನ ಜೋಳದ ಹೊಲ

ಸದ್ದೇ ಇಲ್ಲದ ಜಾಗವೊಂದು ಈ ಭೂಮಿಯ ಮೇಲೆ ಇದೆ ಎಂದು ನಂಬಿಕೊಂಡಿರುವವರು ಪುಣ್ಯವಂತರು. ನಾನೂ ಹಾಗೇ ನಂಬಿಕೊಂಡು ಸುಖವಾಗಿದ್ದೆ. ಗಿಟಾರಿಗೆ ಹಳೇ ಕಾಲದ ಮಾದರಿಯ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಕೈಯಾರೆ ಮಾಡಬೇಕೆಂಬ ಹುಚ್ಚು ಹಿಡಿಯಿತು ನೋಡಿ, ಆ ಸುಖ ಅಲ್ಲಿಗೆ ಮುಗಿಯಿತು. ಹಳೇ ರೇಡಿಯೊಗಳ ಹೊಟ್ಟೆಯಲ್ಲಿ ಮಿಣಮಿಣ ಉರಿಯುತ್ತಿದ್ದ ಗಾಜಿನ ವಾಲ್ವುಗಳನ್ನು ನೀವು ಕಂಡಿರಬಹುದು. ಅವುಗಳ ಮೂಲಕ ಬಂದ ತಂತಿಯ ದನಿಗೆ ಒಂದು ಬಿಸುಪು ಇರುತ್ತದೆ. ಆದರೆ ಅವುಗಳ ಕಿವಿ ಮಹಾ ಚುರುಕು. ಕೇಳಬಾರದ್ದನ್ನೂ ಕೇಳಿಸಿಕೊಂಡು, ಅದನ್ನು ದೊಡ್ಡದು ಮಾಡಿ ಊರಿಗೆಲ್ಲ ಹೇಳುತ್ತವೆ. ನಮ್ಮ ಕಚೇರಿಯಲ್ಲೂ ಅಂಥವರೊಬ್ಬರಿದ್ದಾರೆ, ಅವರ ವಿಷಯ ಇಲ್ಲಿ ಬೇಡ.

ನಾನು ಕೆ.ಆರ್.ಎಸ್.ನಲ್ಲಿ ನೀರಾವರಿ ಕಚೇರಿಯ ಗುಮಾಸ್ತ. ಮನೆ ಪಾಂಡವಪುರದಾಚೆಯ ಒಂದು ಹಳ್ಳಿಯ ಕೊನೆಯಲ್ಲಿ. ಗಿಟಾರ್ ನುಡಿಸುತ್ತೇನೆ ಎಂದರೆ ಹೆಂಡತಿ ಸುಜಾತ ತಿದ್ದುತ್ತಾಳೆ, ಆದ್ದರಿಂದ ಗಿಟಾರ್ ಇಟ್ಟುಕೊಂಡಿದ್ದೇನೆ ಎಂದಷ್ಟೇ ಹೇಳುತ್ತೇನೆ. ನನ್ನ ಕೈಯಲ್ಲಿ ಆಗದ್ದು ನಾನು ಮಾಡಿದ ಪೆಟ್ಟಿಗೆಯಿಂದಲಾದರೂ ಆಗಲಿ ಎಂಬುದೇ ನನ್ನ ಆಸೆ. ನಾಗಮಂಗಲದ ಬಸವರಾಜು ನನ್ನ ಜೊತೆ ಕಾಲೇಜು ಓದಿದವನು, ಈಗ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಾನೆ. ಭಾನುವಾರ ಬಂದು ಕೇಳುತ್ತೇನೆ, ಬೇಡದ ಸದ್ದು ಇಲ್ಲದಿದ್ದರೆ ಸ್ಟೇಜಿಗೇ ಒಯ್ಯುತ್ತೇನೆ ಎಂದುಬಿಟ್ಟ. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ಏಕೆಂದರೆ ಪೆಟ್ಟಿಗೆ ಮೊದಲ ದಿನವೇ ಗುಂಯ್ ಎಂದಿತ್ತು. ಅದನ್ನೇನೋ ಅಡಗಿಸಿದೆ. ಕರೆಂಟನ್ನು ನೆಲಕ್ಕಿಳಿಸುವ ಅರ್ತಿನ ತಂತಿಗಳನ್ನೆಲ್ಲ ಒಂದೇ ಕಡೆ ತಂದು ಬೆಸುಗೆ ಹಾಕಿದೆ, ವಾಲ್ವುಗಳನ್ನು ಬಿಸಿ ಮಾಡುವ ಜೋಡಿ ತಂತಿಯನ್ನು ಜಡೆಯಂತೆ ಹೆಣೆದೆ, ಟ್ರಾನ್ಸ್‌ಫಾರ್ಮರನ್ನು ಅಡ್ಡಡ್ಡ ತಿರುಗಿಸಿದೆ. ಒಣ ಬಿದಿರುಕಡ್ಡಿಯಿಂದ ಒಂದೊಂದು ಭಾಗವನ್ನೂ ಮೆಲ್ಲಗೆ ತಿವಿದು ನೋಡುವಾಗ ಇನ್ನೊಂದು ಕೈ ಜೇಬಿನಲ್ಲಿರಬೇಕು. ಎರಡೂ ಕೈ ತಗುಲಿ ಕರೆಂಟು ಎದೆಯ ಮೂಲಕ ಹಾದರೆ ಸಂಗೀತ ಕೇಳಲು ನಾವೇ ಇರುವುದಿಲ್ಲ. ಜೇಬಿಗೆ ಕೈಹಾಕಿ ಕೆಲಸ ಮಾಡುವ ನನ್ನ ಗತ್ತನ್ನು ನೋಡಿ ನಮ್ಮ ಮಾವನವರು, ಅಳಿಯಂದಿರು ಮನೆಯಲ್ಲೂ ಕಚೇರಿಯ ಹಾಗೇ ಇರುತ್ತಾರೆ ಎಂದು ಹೇಳಿಹೋದರು.

ಗುಂಯ್ ಹೋಯಿತು, ಟಕ್ ಉಳಿಯಿತು. ಸಂಜೆಯಾದರೆ ಸಾಕು, ಟಕ್, ಸ್ವಲ್ಪ ತಡೆದು ಮತ್ತೆ ಟಕ್. ಗಡಿಯಾರವನ್ನೂ ಒಳಗೆ ಸೇರಿಸಿದ್ದೀರಾ ಎಂದು ಸುಜಾತ ಕೇಳಿದಳು. ಗಿಟಾರನ್ನು ಕಳಚಿದೆ, ಟಕ್. ಕೆಪಾಸಿಟರುಗಳನ್ನು ಬದಲಿಸಿದೆ, ಟಕ್. ಮೊದಲ ವಾಲ್ವನ್ನೇ ಕಿತ್ತೆ, ಆಗಲೂ ಟಕ್. ತಲೆಕೆಟ್ಟು ಪೆಟ್ಟಿಗೆಯನ್ನು ಪಾಂಡವಪುರದ ತಂಗಿಯ ಮನೆಗೆ ಹೊತ್ತೊಯ್ದು ಸಂಜೆ ಹಚ್ಚಿದರೆ ಗಪ್‌ಚಿಪ್. ವಾಪಸು ತಂದರೆ ಮತ್ತೆ ಟಕ್. ಅದಕ್ಕೂ ನಮ್ಮನೆ ಅಂದರೆ ಸಸಾರ ಎಂದಳು ಸುಜಾತ.

ಶನಿವಾರ ಸಂಜೆ ಬೇಸತ್ತು, ಪೆಟ್ಟಿಗೆಯನ್ನು ಹಾಗೇ ಉರಿಯಬಿಟ್ಟು ಹಿತ್ತಲಿಗೆ ಬಂದು ನಿಂತೆ. ಕಿಟಕಿಯಿಂದ ಟಕ್. ಅದೇ ಗಳಿಗೆಯಲ್ಲಿ ಬೇಲಿಯಾಚೆಯಿಂದಲೂ ಟಕ್! ಪಕ್ಕದ ಪುಟ್ಟತಾಯಮ್ಮ ತನ್ನ ಮುಸುಕಿನ ಜೋಳಕ್ಕೆ ಕಾಡುಹಂದಿ ಬೀಳದಂತೆ ಝಟಕಾ ಮಷೀನು ಹಾಕಿಸಿದ್ದಳು. ಬೇಲಿಯ ತಂತಿಗೆ ತಡೆತಡೆದು ಕರೆಂಟು ಬಿಡುವ ಯಂತ್ರ ಅದು. ಅದರ ಅರ್ತಿನ ಸಲಾಕೆಯನ್ನು ತೇವವಿರುವ ನೆಲದಲ್ಲಿ ಹೂಳಬೇಕೆಂದಾಗ, ನಮ್ಮ ಬಚ್ಚಲ ನೀರು ಹರಿಯುವಲ್ಲಿ ಹೂಳಮ್ಮ ಎಂದು ದೊಡ್ಡ ಮನಸ್ಸು ಮಾಡಿದವನು ನಾನೇ. ನಮ್ಮ ಮನೆಯ ಅರ್ತಿನ ಗುಂಡಿಯೂ ಅಲ್ಲೇ ಇದೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ, ಮೈ ಜುಮ್ಮೆಂದಿತು. ಆ ಕರೆಂಟು ಹೊಲವನ್ನೆಲ್ಲ ಸುತ್ತಿ, ಒಂದೊಂದು ಗೂಟವನ್ನೂ ದಾಟಿ, ಕಾಲ ಕೆಳಗಿನ ಮಣ್ಣಿನಲ್ಲಿ ದಾರಿ ಹುಡುಕಿಕೊಂಡು ಬಂದು ನಮ್ಮ ಪಡಸಾಲೆಯ ಪೆಟ್ಟಿಗೆಯಲ್ಲಿ ಮಾತಾಡುತ್ತಿತ್ತು. ಇಷ್ಟು ದಿನ ನಾನು ಕೆಟ್ಟ ಆಂಪ್ಲಿಫೈಯರನ್ನಲ್ಲ, ಒಂದಿಡೀ ಹೊಲವನ್ನು ಕೇಳುತ್ತಿದ್ದೆ. ಎಂಥ ಅದ್ಭುತ ಎಂದು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಆಮೇಲೆ ಬಸವರಾಜು ನೆನಪಾದ. ನಾಳೆ ಒಂದು ಗಂಟೆ ಮಷೀನು ಆರಿಸುತ್ತೀಯಾ ಎಂದು ಪುಟ್ಟತಾಯಮ್ಮನನ್ನು ಕೇಳಿದೆ. ಜೋಳ ಹಾಲುಗಾಳು ಕಟ್ಟಿತ್ತು. ಹೋದ ಸಲ ಹಂದಿಗಳು ಒಂದೇ ರಾತ್ರಿಯಲ್ಲಿ ಹೊಲ ಮಲಗಿಸಿದ್ದವು, ಈ ಸಲವೂ ಹೋದರೆ ಅವಳಿಗೆ ವರ್ಷದ ದುಡಿಮೆಯೇ ಹೋದಂತೆ.

“ಅಗಲೊತ್ತು ಎಂಗೂ ಆರ್ಸಿರ್ತೀನಿ ಅಣ್ಣಯ್ಯ. ಕತ್ಲಾದ್ಮೇಲೆ ಒಂದ್ ಗಂಟೆ ತಡೀರಿ ಅಂದ್ರೆ ಅಂದಿಗೊಳು ಕೇಳ್ತಾವಾ?” ಎಂದಳು.

ಹಗಲಿಗೆ ಬಾ ಎಂದು ಬಸವರಾಜುಗೆ ಫೋನು ಮಾಡಿದೆ. ಆರ್ಕೆಸ್ಟ್ರಾದವನಲ್ಲವೇ, ದೀಪ ಹಚ್ಚಿದ ಮೇಲೆ ಬಂದ. ನಾಚಿಕೆಯಿಂದ ಸ್ವಿಚ್ ಹಾಕಿದೆ. ವಾಲ್ವುಗಳು ಕೆಂಪಾದವು. ಟಕ್ ಇಲ್ಲ! ಬಸವರಾಜು ಒಂದೇ ಒಂದು ತಂತಿ ಮೀಟಿದ. ಆ ದನಿ ಎದ್ದು, ಪಡಸಾಲೆಯನ್ನೆಲ್ಲ ತುಂಬಿ, ನಿಧಾನವಾಗಿ ಕರಗಿ ಹೋಯಿತು. ಹೋದ ಮೇಲೆ ಉಳಿದ ನಿಶ್ಶಬ್ದ ಇತ್ತಲ್ಲ, ಅದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಕೈಯಿಂದ ಇಂಥದ್ದೊಂದು ಆಯಿತೇ ಎಂದು ಕೂತಲ್ಲೇ ಮರವಾದೆ.

“ಲೇ, ಏನ್ ಮಾಡಿದ್ಯಲಾ? ಇಂಗೆ ಒಂಚೂರೂ ಸದ್ದಿಲ್ದಂಗೆ?” ಎಂದ ಬಸವರಾಜು.

ಏನು ಮಾಡಿದೆ? ಏನೂ ಮಾಡಿರಲಿಲ್ಲ. ಆಗಲೇ ಹೊಳೆದದ್ದು: ಕತ್ತಲಾಗಿದೆ, ಟಕ್ ಇಲ್ಲ, ಎಂದರೆ ಬೇಲಿಯಲ್ಲಿ ಕರೆಂಟಿಲ್ಲ. ಅವನು ಇನ್ನೊಂದು ತಂತಿಗೆ ಬೆರಳಿಟ್ಟ. ಇದೊಂದು ಕೇಳಿ ಏಳೋಣ ಎಂದು ಮನಸ್ಸು ಹೇಳಿತು, ಸುಳ್ಳೇಕೆ. ಆದರೆ ಕಾಲುಗಳು ನನಗಿಂತ ಮರ್ಯಾದಸ್ಥರು, ಅವು ಆಗಲೇ ಬಾಗಿಲು ದಾಟಿದ್ದವು. ನನ್ನ ಕೂಗಿಗೆ ಪುಟ್ಟತಾಯಮ್ಮ ಟಾರ್ಚು ಹಿಡಿದು ಬಂದಳು. ಅವಳು ಸಂಜೆ ಸ್ವಿಚ್ ಹಾಕಿದ್ದಳು ನಿಜ, ಆದರೆ ಗೂಟಕ್ಕೆ ಕಟ್ಟಿದ್ದ ಎಮ್ಮೆಕರು ಎಳೆದಾಡಿ ಬ್ಯಾಟರಿಯ ತಂತಿ ಕಳಚಿತ್ತು. ಹಳ್ಳದ ಕಡೆ ಆಗಲೇ ಗುಟುರು ಕೇಳುತ್ತಿತ್ತು. ಅವಳು ತಂತಿ ಸಿಕ್ಕಿಸಿದ್ದೇ ತಡ, ನಮ್ಮ ಪಡಸಾಲೆಯಿಂದ ಟಕ್! ಅಷ್ಟು ಇಂಪಾದ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಟಕ್ ಪೆಟ್ಟಿಗೆಯದಲ್ಲ, ಬೇಲಿಯದು ಎಂದು ಇಬ್ಬರಿಗೂ ಹೇಳಿದ ಮೇಲೆ ಬಸವರಾಜು ಪೆಟ್ಟಿಗೆಯನ್ನು ಅಂದೇ ಒಯ್ಯಲು ತಯಾರಾದ. ಪುಟ್ಟತಾಯಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಜೋಳ ಮುರಿಯೋಗಂಟ ಇದು ಇಲ್ಲೇ ಇರ್ಲಿ ಕಣಣ್ಣಯ್ಯ. ಮನೇಲ್ ಕುಂತೇ ಬೇಲಿ ಕಾಯ್ತದೆ,” ಎಂದಳು.

ಹಂದಿಗಳ ಎದುರು ಸೋತ ಮೊದಲ ಗಿಟಾರುಗಾರ ನಾನೇ ಇರಬೇಕು ಎಂದು ನಗುತ್ತಾ ಬಸವರಾಜು ಬರಿಗೈಲಿ ಹೋದ. ಈಗ ಕಚೇರಿಯಿಂದ ಬಂದು ಕೈಕಾಲು ತೊಳೆದು ಪೆಟ್ಟಿಗೆಯ ಮುಂದೆ ಕೂರುವುದೇ ನನ್ನ ಉದ್ಯೋಗ. ಮೊನ್ನೆ ಸಂಜೆ ಕಿವಿಗೊಟ್ಟರೆ ಟಕ್ ಇಲ್ಲ. ಚಪ್ಪಲಿಯನ್ನೂ ಮೆಟ್ಟದೆ ಹೊಲಕ್ಕೆ ಓಡಿ, ಕೂಗಿ ಕೇರಿಯನ್ನೆಲ್ಲ ಸೇರಿಸಿದೆ. ಮಷೀನು ತನ್ನ ಪಾಡಿಗೆ ತಾನು ಟಕ್ ಎನ್ನುತ್ತಿತ್ತು. ತಲೆ ತಗ್ಗಿಸಿ ಮನೆಗೆ ಬಂದೆ. ಸುಜಾತ ಪೆಟ್ಟಿಗೆಯ ಪಕ್ಕದಲ್ಲಿ ಅದರ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

“ಇಷ್ಟು ದಿನ ಒದ್ದಾಡಿದ್ದು ಇದಕ್ಕೇ ತಾನೇ? ಕರೆಂಟು ಕೊಡದಿದ್ರೆ ಒಂಚೂರೂ ಸದ್ದು ಬರಲ್ಲ ಕಣ್ರೀ.”