ನಮ್ಮವರ ಎದೆ ತಣ್ಣಗಿಟ್ಟ ಬಿಳಿ ಗುಳಿಗೆಯವರಿಗೆ

ನನಗೆ ಮದುವೆಯಾಯಿತು, ಮಾನ್ಯ ನೆಮ್ಮದಿ ಗುಳಿಗೆಯವರೇ, ಅದೂ ಮುಂಬಯಿಯ ಬ್ಯಾಂಕಿನಲ್ಲಿರುವ, ಉದ್ದ ಮೂಗಿನ, ಬಲು ಚೆಂದದ ಬಸವಂತಪ್ಪನವರೊಂದಿಗೆ! ಈ ಸಂತೋಷದಲ್ಲಿ ತಮಗೂ ಸಾವಿರ ನಮಸ್ಕಾರ. ಬ್ಯಾಂಕಿನ ಮ್ಯಾನೇಜರರ ಹೆದರಿಕೆಗೆಂದು ನಮ್ಮವರ ಹೊಟ್ಟೆ ಸೇರಿದ ತಾವು, ಕನ್ಯೆ ನೋಡಲು ಕೂಡ ಜೊತೆಯಲ್ಲೇ ಬಂದಿದ್ದಿರೆಂದು ನನಗೆ ಆಮೇಲೆ ತಿಳಿಯಿತು.

ಅಂದು ನನ್ನ ತಂದೆಯ ಅಡ್ಡಪ್ರಶ್ನೆಗಳಿಗೆಲ್ಲ ಅವರು ಅವಲಕ್ಕಿ ತಿನ್ನುತ್ತ ತಣ್ಣಗೆ ಉತ್ತರಿಸಿದ್ದು ಕಂಡು ನನ್ನ ಸೋದರತ್ತೆ ರಾಚವ್ವ, "ಎಷ್ಟ್ ಶಾಂತ ಹುಡುಗ ಅದಾನವಾ, ಬಿಡಬ್ಯಾಡ್ರಿ!" ಎಂದರು. ಮದುವೆಯ ದಿನ ಹೊಸಿಲಿಗೆ ಅಡ್ಡ ನಿಂತ ಹೆಂಗಸರು, ಒಡಪಿನಲ್ಲಿ ಹೆಂಡತಿಯ ಹೆಸರು ಹೇಳದೆ ಒಳಗೆ ಬಿಡೆವೆಂದು ಹಟ ಹಿಡಿದಾಗ, ಅವರು ಒಂದು ಸಾಲು ಹೇಳಿ, ದೊಡ್ಡದಾಗಿ ಆಕಳಿಸಿ, ನನ್ನ ಹೆಸರು ಬರುವ ಮೊದಲೇ ಬಾಗಿಲಿಗೆ ಒರಗಿ ನಿದ್ದೆ ಹೋದರು. ತಮ್ಮ ಚಾತುರ್ಯವನ್ನು ಬೀಗರೆಲ್ಲ ಕಣ್ಣಾರೆ ಕಂಡರು.

ಫೋರ್ಟಿನ ಬ್ಯಾಂಕಿನಿಂದ ಮಾಟುಂಗದ ನಮ್ಮ ಚಾಳಿಗೆ ಹೊರಟವರು ಲೋಕಲ್ ರೈಲಿನಲ್ಲಿ ಮಲಗಿ, ಎಷ್ಟೋ ಸ್ಟೇಷನ್ನು ದಾಟಿ ಬೊರಿವಲಿಯಲ್ಲಿ ಎದ್ದದ್ದೂ ಉಂಟು. ನಾನು ಅಳುತ್ತಿದ್ದರೆ ಅವರು ಹಾಯಾಗಿ ನಗುತ್ತಿದ್ದರು. ಡಾಕ್ಟರರನ್ನು ಕೇಳಿದೆ. ತಾವು ಮಿದುಳಿನ ಗದ್ದಲ ತಗ್ಗಿಸಿ, ಬಿಗಿದ ಮೈ ಸಡಿಲಿಸುತ್ತೀರಂತೆ. ಆದರೆ ಯಾವ ತಳಮಳ ಮ್ಯಾನೇಜರರಿಂದ ಬಂದದ್ದು, ಯಾವುದು ಹೆಂಡತಿಗಾಗಿ ಹುಟ್ಟಿದ್ದು ಎಂದು ವಿಚಾರಿಸುವ ಪದ್ಧತಿ ತಮ್ಮಲ್ಲಿಲ್ಲವಂತೆ. ಕುಡಿಯುವ ಸೆರೆಯ ಜೊತೆ ಸೇರಿದರೆ ಉಸಿರನ್ನೇ ಮಲಗಿಸಬಲ್ಲಿರಂತೆ. ಸೆರೆಗೆ ಪರ್ಮಿಟ್ಟು ಕೇಳುವ ಮುಂಬಯಿ ತಮ್ಮನ್ನು ಮಾತ್ರ ಏನೂ ಕೇಳುವುದಿಲ್ಲ, ಎಂಥ ಗೌರವ!

ಸಿಟ್ಟಿನಿಂದ ತಮ್ಮನ್ನು ಗಟಾರಕ್ಕೆ ಎಸೆಯಹೋದರೆ ಡಾಕ್ಟರರೇ ತಡೆದರು. ಬಹುದಿನ ನುಂಗಿದವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಪ್ರಾಣಕ್ಕೇ ಕುತ್ತಂತೆ. ಹಾಗಾಗಿ ಯಾವ ಬೀಗರಿಗೂ ಸಿಗದ ಮರ್ಯಾದೆಯಿಂದ, ಇಷ್ಟಿಷ್ಟೇ ಕಡಿಮೆ ಮಾಡಿ ತಮ್ಮನ್ನು ಬೀಳ್ಕೊಡುತ್ತಿದ್ದೇವೆ.

ಅಲ್ಲಿಯವರೆಗೆ ಒಂದೇ ಬಿನ್ನಹ: ಹಗಲೆಲ್ಲ ಅವರೊಡನೆ ಆಫೀಸಿನಲ್ಲಿರಿ, ಸಂಜೆ ಮಾತ್ರ ದಾದರಿನಲ್ಲಿ ಇಳಿದುಬಿಡಿ, ಮುಂದಿನ ಸ್ಟೇಷನ್ನಾದ ನಮ್ಮ ಮಾಟುಂಗಕ್ಕೆ ಅವರೊಬ್ಬರೇ ಬರಲಿ. ಆಷಾಢಕ್ಕೆಂದು ನಾನು ಧಾರವಾಡದ ತವರಿನಲ್ಲಿರುವಾಗ, ಮೊನ್ನೆ ಬಂದ ಮೈದುನ ಶಂಕ್ರೆಪ್ಪ, "ವೈನೀ, ನೀವು ತಿರುಗಿ ಬರ್ತೀರೋ ಇಲ್ಲೋ ಅಂತ ಅಣ್ಣನ ಎದಿ ಡವಡವ ಅನ್ನಾಕತ್ತೇತಿ" ಎಂದ. ಹಿಗ್ಗಿಹೋಗಿ ಅವನಿಗೆ ಬೇಡಬೇಡವೆಂದರೂ ಹೋಳಿಗೆ ಬಡಿಸಿದೆ. ಮಾನ್ಯರೇ, ಆ ಒಂದು ಭಯವನ್ನು ದಯವಿಟ್ಟು ಮುಟ್ಟಬೇಡಿ.

ತಮ್ಮ ನಿರ್ಗಮನ ಬಯಸುವ ವಿಶ್ವಾಸಿ,
ವಿನೋದಿನಿ

ತಾ.ಕ.: ನನ್ನನ್ನು ಎದುರುಗೊಳ್ಳಲು ತಾವೂ ಅವರೊಳಗೆ ಬರಲೇಬೇಕೆಂದು ಡಾಕ್ಟರರ ಅಪ್ಪಣೆಯಿದ್ದರೆ ಬನ್ನಿ, ಆದರೆ ಅರ್ಧವೇ ಬನ್ನಿ, ಹಿಂದೆ ಸರಿದು ನಿಲ್ಲಿ: ನಾಗರ ಪಂಚಮಿ ಮುಗಿದ ಸೋಮವಾರ, ಪುಣೆಯಿಂದ ಬರುವ ಡೆಕ್ಕನ್ ಕ್ವೀನ್ ರೈಲಿನಲ್ಲಿ ನಾನಿರುತ್ತೇನೆ.