ಒಂದೇ ಬೆಡಗಿನ ಇಂಗ್ಲಿಷ್ ಪದಗಳು

ಸ್ವಲ್ಪ ತಡೀರಿ! ಈಗಲೇ ನಗಬೇಡಿ. ನಗುವ ಜಾಗ ಮುಂದೆ ಬರುತ್ತದೆ, ಬಂದಾಗ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಇದೊಂದು ಸಂಗತಿ ನಂಬಿಕೊಂಡಿರಿ: ಇಂಗ್ಲಿಷ್ ಭಾಷೆಯ ಪದಗಳಿಗೆ ಕುಲ, ಬೆಡಗು ಗೊತ್ತು ಮಾಡಿದ ಮಹಾನುಭಾವರು ಲಂಡನ್ನಿನಲ್ಲಿ ಹುಟ್ಟಲಿಲ್ಲ. ನಮ್ಮ ಮನೆಯಲ್ಲಿ, ಕೊಳ್ಳೇಗಾಲದಲ್ಲಿ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾ ಇದ್ದರು. ಅವರೇ ನಮ್ಮ ದೊಡ್ಡಪ್ಪ!

ದೊಡ್ಡಪ್ಪ ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಮದುವೆ ಮಾಡಿಕೊಳ್ಳಲಿಲ್ಲ. ಹಿತ್ತಲಲ್ಲಿದ್ದ ಹುಳದ ಮನೆಯೇ ಅವರ ಮನೆ. ಹುಳವನ್ನು ಬಿಟ್ಟು ಬರುವ ಹಾಗಿಲ್ಲ ಎಂದು ಊಟವೂ ಅಲ್ಲೇ, ಒಬ್ಬರೇ. ಒಂದು ಸಲ ಹನೂರು ಸಂತೆಗೆ ಹೋದವರು ಅರ್ಧ ಗೆದ್ದಲು ತಿಂದ ಇಂಗ್ಲಿಷ್-ಕನ್ನಡ ನಿಘಂಟೊಂದನ್ನು ಹೊತ್ತು ತಂದರು. ತರಬೇಕಾಗಿದ್ದದ್ದೇನು? ಬೆಲ್ಲ!

ನಿಘಂಟನ್ನು ಎರಡು ದಿನ ತಿರುವಿ ಹಾಕಿ ದೊಡ್ಡಪ್ಪ ತೀರ್ಪು ಕೊಟ್ಟರು: "ಇದ ಬರ್ದೋನ್ಗೆ ಬುದ್ಧಿ ಇಲ್ಲ ಕಣವ್ವ. ಮೊದಲಕ್ಸರ ನೋಡ್ಕಂಡು ಜೋಡ್ಸವ್ನೆ. ಮುಖ ನೋಡುದ್ರೆ ಬೆಡಗು ಗೊತ್ತಾದ್ದಾ? ಇಂದ್ಗಡೆ ವಿಚಾರಿಸ್ಬೇಕು!"

ಬೆಡಗು ಎಂದರೆ ನಮ್ಮ ಕಡೆ ಮನೆತನದ ಮೂಲ. ಮದುವೆ ಮಾತು ಬಂದರೆ ಮೊದಲು ಕೇಳುವುದೇ ಅದನ್ನು. ಒಂದೇ ಬೆಡಗಾದರೆ ಗಂಡು ಹೆಣ್ಣು ಅಣ್ಣ ತಂಗಿ ಇದ್ದ ಹಾಗೆ. ಎಲೆ ಅಡಿಕೆ ತೆಗೆದುಕೊಂಡು ಎದ್ದು ಬರಬೇಕು. ದೊಡ್ಡಪ್ಪ ಈ ಕಾನೂನನ್ನು ಎತ್ತಿ ಇಂಗ್ಲಿಷಿನ ಮೇಲೆ ಹಾಕಿಯೇ ಬಿಟ್ಟರು. ಕೊನೆಯ ಅಕ್ಷರಗಳು ಒಂದೇ ಆದರೆ ಒಂದೇ ಬೆಡಗು!

ಹುಳದ ತಟ್ಟೆಗಳು ಸ್ಟ್ಯಾಂಡಿನ ಮೇಲೆ ಒಂದರ ಮೇಲೊಂದು ಇರುತ್ತವಲ್ಲ, ತಟ್ಟೆಗೊಂದು ಬೆಡಗು ಹಂಚಿ ಅಂಚಿಗೆ ಸುಣ್ಣದಲ್ಲಿ ಬರೆದರು. ನಾನು ಹೈಸ್ಕೂಲಿನಿಂದ ಉಚ್ಚಾರಣೆ ತಂದು ಕೊಡಬೇಕು, ಅವರು ಅರ್ಥ ಒಪ್ಪಿಸಬೇಕು. ಮೇಲಿನ ತಟ್ಟೆ ಐ, ಜಿ, ಎಚ್, ಟಿ ಮನೆತನದ್ದು. ನೈಟ್ ಅಂದರೆ ರಾತ್ರಿ, ಲೈಟ್ ಅಂದರೆ ಬೆಳಕು, ಸೈಟ್ ಅಂದರೆ ನೋಟ, ಫೈಟ್ ಅಂದರೆ ಜಗಳ, ಫ್ರೈಟ್ ಅಂದರೆ ದಿಗಿಲು.

"ನೋಡು, ಕತ್ಲಾಯ್ತು, ದೀಪ ಅಚ್ಚುದ್ರು, ಮುಖ ಕಾಣ್ತು, ಜಗಳ ಬಿತ್ತು, ದಿಗಿಲಾಯ್ತು! ಒಂದೇ ಮನೇಲಿ ನಡ್ದಿರೋ ಕತೆ ಇದು," ಎಂದು ದೊಡ್ಡಪ್ಪ ಸೊಪ್ಪು ಹರಡುತ್ತಿದ್ದರು.

ಅದರ ಕೆಳಗೆ ಟಿ, ಐ, ಒ, ಎನ್. ನೇಷನ್, ಸ್ಟೇಷನ್, ಪಿಟಿಷನ್. "ಇವ್ರೆಲ್ಲ ಸರ್ಕಾರದ ಪೈಕಿ. ಇವ್ರ ತಟ್ಟೆ ತಾವ ಕೆಮ್ಬ್ಯಾಡ!"

ಎಲ್ಲಕ್ಕಿಂತ ಕೆಳಗಿನದು ಒ, ಯು, ಜಿ, ಎಚ್. ಅಕ್ಷರ ಅವೇ ನಾಲ್ಕು. ಆದರೆ ಕೆಮ್ಮು ಕಫ್, ಒರಟು ರಫ್, ಕಲಸಿದ ಹಿಟ್ಟು ಡೋ, ಮರದ ಕೊಂಬೆ ಬೌ! ಇದೆಂಥ ಅನ್ಯಾಯ ಎಂದು ನಾನು ಅತ್ತೇಬಿಟ್ಟೆ. ದೊಡ್ಡಪ್ಪ ಅಲ್ಲಾಡಲಿಲ್ಲ.

"ಅಳ್ಬ್ಯಾಡ ಕೂಸೆ. ಇದು ಪಾಲಾಗಿರೋ ಮನೆ. ಅಣ್ಣತಮ್ದೀರು ಒಲೆ ಬ್ಯಾರೆ ಮಾಡ್ಕಂಡವ್ರೆ. ಯಾರ್ ಮಾತು ಯಾರೂ ಕೇಳಕ್ಕಿಲ್ಲ. ನಮ್ ಅಗರದ ನೆಂಟ್ರು ಅವ್ರೆ ನೋಡು, ಅಂಗೇಯ!"

ಅಗರದ ನೆಂಟರನ್ನು ನೋಡಿದವರು ಆ ಸ್ಪೆಲಿಂಗ್ ಜನ್ಮದಲ್ಲಿ ಮರೆಯುವುದಿಲ್ಲ. ಈಗ ನಗಬಹುದು. ಇದೇ ಆ ಜಾಗ.

ಸರಿ, ನಗು ಸಾಕು. ನನಗೆ ಮೇಷ್ಟರಾಗುವ ಆಸೆ. ಟ್ರೈನಿಂಗಿಗೆ ಸೇರಲು ಎಸ್ಸೆಲ್ಸಿ ಪಾಸಾಗಬೇಕು. ನಾನು ಮಿಕ್ಕೆಲ್ಲದರಲ್ಲೂ ಪಾಸು, ಇಂಗ್ಲಿಷಿನಲ್ಲಿ ಢಮಾರ್! ಅಪ್ಪ ಒಂದೇ ಮಾತು ಹೇಳಿದರು: "ಇನ್ನೊಂದ್ ಕಿತ ಫೇಲಾದ್ರೆ ಓದು ನಿಲ್ಸು. ನಿಮ್ ದೊಡ್ಡಪ್ಪನ್ ಜೊತೆ ಸೊಪ್ಪು ಕುಯ್ಯಕ್ಕೋಗು."

ಫೇಲಾದದ್ದು ಯಾಕೆ ಗೊತ್ತೇ? ದೊಡ್ಡಪ್ಪನ ಇನ್ನೊಂದು ಕಾನೂನಿತ್ತು. ಒಂದೇ ಬೆಡಗಿನವರಿಗೆ ಹೇಗೆ ಮದುವೆ ಕೂಡದೋ ಹಾಗೆ ಒಂದೇ ಬೆಡಗಿನ ಪದಗಳನ್ನು ಒಂದೇ ವಾಕ್ಯದಲ್ಲಿ ಕೂಡಿಸಕೂಡದು! ರಾತ್ರಿಯ ದೀಪದ ಬಗ್ಗೆ ಪ್ರಬಂಧ ಬರೆಯಿರಿ ಎಂದಿತ್ತು ಪ್ರಶ್ನೆಪತ್ರಿಕೆ. ನೈಟ್, ಲೈಟ್ ಇಬ್ಬರೂ ಅಣ್ಣ ತಂಗಿ! ಹೇಗೆ ಕೂಡಿಸಲಿ? ಸೂರ್ಯ ಮುಳುಗಿದ ಮೇಲಿನ ಹೊತ್ತಿನಲ್ಲಿ, ಕತ್ತಲೆಯನ್ನು ಓಡಿಸುವ ಆ ವಸ್ತು ಎಂದೆಲ್ಲ ಸುತ್ತಿ ಬಳಸಿ, ಪ್ರತಿ ಪದದ ಬೆಡಗು ವಿಚಾರಿಸಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಅರ್ಧ ಪತ್ರಿಕೆ ಖಾಲಿ!

ಫಲಿತಾಂಶ ಬಂದ ಮೇಲೆ ನಮ್ಮ ಇಂಗ್ಲಿಷ್ ಮೇಷ್ಟರು ನನ್ನ ಕತೆ ಕೇಳಿ ಕುರ್ಚಿಯಿಂದ ಬೀಳುವುದೊಂದು ಬಾಕಿ. "ಅಂಥ ಕಾನೂನೇ ಇಲ್ವಲ್ಲಮ್ಮ!"

ಆ ಮಾತನ್ನು ದೊಡ್ಡಪ್ಪನಿಗೆ ಹೇಗೆ ಹೇಳುವುದು? ಹೇಳಿದೆ. ಹುಳಗಳು ನಾಲ್ಕನೇ ಜ್ವರ, ಎಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ತಿನ್ನುತ್ತಿದ್ದವು, ಮನೆಯೆಲ್ಲ ಸೋನೆ ಮಳೆ ಹುಯ್ದ ಹಾಗೆ ಸದ್ದು. ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹರಡಿ ದೊಡ್ಡಪ್ಪ, "ಅಂಗಾರೆ ನಿನ್ನ ಫೇಲ್ ಮಾಡ್ಸಿದ್ದು ನಾನೇಯ?" ಎಂದರು. ಅಷ್ಟೇ. ಆ ದಿನ ತಟ್ಟೆಯ ಮುಂದೆ ಪಾಠ ನಡೆಯಲಿಲ್ಲ. ಮಾರನೆಯ ದಿನವೂ ಇಲ್ಲ.

ಮೂರನೇ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೇನೆ, ದೊಡ್ಡಪ್ಪ ಹಿತ್ತಲಿಂದ ಕೂಗಿಕೊಂಡು ಬಂದರು.

"ಕೂಸೇ! ಸಿಕ್ತು ಕಣವ್ವ! ಒಂದೇ ಬೆಡಗಿನೋರು ಮದ್ವೆ ಆಗ್ಬಾರ್ದು ಸರಿ. ಉಣ್ಬಾರ್ದು ಅಂತ ಯಾರೇಳುದ್ರು? ಅಣ್ಣತಮ್ದೀರು ಒಂದೇ ಪಂಕ್ತೀಲಿ ಕೂತ್ಕಂಡು ಉಣ್ಣಾಕಿಲ್ವಾ? ವಾಕ್ಯ ಅಂದ್ರೆ ಮದ್ವೆ ಅಲ್ಲ, ಪಂಕ್ತಿ! ಎಲ್ಲಾರ್ನೂವೆ ಕೂರ್ಸು!"

ಆಹಾ! ಅಲ್ಲಿಂದ ನಾನು ತಿರುಗಿ ನೋಡಲಿಲ್ಲ. ಎರಡನೇ ಸಲ ಪರೀಕ್ಷೆಗೆ ಕೂತೆ. ಕಣ್ಣು ಮುಚ್ಚಿದರೆ ಸ್ಟ್ಯಾಂಡು, ತಟ್ಟೆ, ಸುಣ್ಣದ ಅಕ್ಷರ. ಬೇಕಾದ ತಟ್ಟೆ ಎಳೆದೆ, ಪದ ತೆಗೆದೆ, ಎಲೆ ಹಾಕಿ ಕೂರಿಸಿದೆ. ಸರ್ಕಾರದ ಪೈಕಿಯವರ ಪಕ್ಕ ಜಗಳಗಂಟರು, ಅವರ ಪಕ್ಕ ಅಗರದ ನೆಂಟರು! ಗಂಟೆ ಹೊಡೆಯುವುದಕ್ಕೆ ಮುಂಚೆಯೇ ಪೆನ್ನು ಕೆಳಗಿಟ್ಟು ಜಂಬದಿಂದ ಸುತ್ತ ನೋಡಿದೆ.

ಪೇಪರಿನಲ್ಲಿ ನನ್ನ ನಂಬರು ಬಂತು. ಪಾಸು! ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದರು. ಕೊಳ್ಳೇಗಾಲ ಆಗಿನ್ನೂ ಮದರಾಸಿನ ಪಾಲಿಗಿತ್ತು, ಪಕ್ಕದ ಯಳಂದೂರು ಮೈಸೂರಿನ ಪಾಲಿಗೆ. ಯಳಂದೂರಿನಿಂದ ಅತ್ತೆ ಬಂದು, "ನಿಮ್ ಮದರಾಸು ಸೀಮೇಲಿ ಹೆಣ್ಮಕ್ಕಳೂ ಪಾಸಾದಾರಾ? ನಮ್ ಮಹಾರಾಜ್ರ ಸೀಮೇಲಿ ಮಾತ್ರ ಅನ್ಕಂಡಿದ್ದೆ!" ಎಂದು ಕೆಣಕಿದರು. ನಾನು ಹುಳದ ಮನೆಗೆ ಓಡಿದೆ.

ದೊಡ್ಡಪ್ಪ ಮಾರ್ಕು ಎಷ್ಟು ಎಂದು ಕೇಳಲಿಲ್ಲ. ಮೂಲೆಯಲ್ಲಿದ್ದ ಚಿಕ್ಕ ಹಳೇ ತಟ್ಟೆಯ ಕಡೆ ನೋಡಿದರು. ನಿಮಗೆ ಅದನ್ನು ಹೇಳಲಿಲ್ಲ ನಾನು. ಅದರ ಅಂಚಿಗೆ ಒಂದೇ ಒಂದು ಪದ ಇತ್ತು: ಮಂತ್, ಎಂದರೆ ತಿಂಗಳು. ಎಷ್ಟು ಹುಡುಕಿದರೂ ದೊಡ್ಡಪ್ಪನ ನಿಘಂಟಿನಲ್ಲಿ ಒ, ಎನ್, ಟಿ, ಎಚ್ ಎಂದು ಮುಗಿಯುವ ಅದರ ಬೆಡಗಿನವರು ಒಬ್ಬರೂ ಸಿಕ್ಕಿರಲಿಲ್ಲ.

"ಇದ್ನ ಎಲ್ಲಾದ್ರೂ ಕೂರ್ಸಿದ್ಯಾ ಕೂಸೆ, ಪರೀಕ್ಸೇಲಿ?"

"ಕೂರ್ಸಿದೆ ದೊಡ್ಡಪ್ಪ. ಎಲ್ಲಾರ ನಡುಮಧ್ಯೆ."

ಅವರು ಮುಖ ತಿರುಗಿಸಿಕೊಂಡು, ತಿಂದು ಮುಗಿಸದ ಹುಳಗಳಿಗೆ ಮತ್ತೆ ಸೊಪ್ಪು ಹಾಕತೊಡಗಿದರು. ನಾನು ಅವರ ಕೈಯಿಂದ ಸೊಪ್ಪು ಕಿತ್ತುಕೊಂಡೆ. "ಬಾ ದೊಡ್ಡಪ್ಪ. ಎಲೆ ಹಾಕೈತೆ."

"ಹುಳ ಬಿಟ್ಟು ಎಂಗವ್ವ ಬರ್ಲಿ..."

"ಬಾ ಅಂದ್ನಲ್ಲ!"

ಬಂದರು. ಪಂಕ್ತಿಯಲ್ಲಿ ಕೂತರು. ಅಪ್ಪ ಒಂದಿಷ್ಟು ಸರಿದು ಅಣ್ಣನಿಗೆ ಜಾಗ ಮಾಡಿಕೊಟ್ಟರು. ನಾನು ಅವರ ಎಲೆಗೆ ಪಾಯಸ ಬಡಿಸಿದೆ.

ನಿಮಗೂ ಹೀಗೆ ತಲೆಕೆಳಗಾಗಿ ಕಲಿಸಿ, ನಿಮ್ಮನ್ನು ದಡ ಮುಟ್ಟಿಸಿದವರು ಯಾರಾದರೂ ಇದ್ದರೆ ನನಗೆ ಬರೆದು ತಿಳಿಸಿ. ಮಂತ್‌ಗೆ ನೆಂಟರು ಯಾರಾದರೂ ಸಿಕ್ಕಿದ್ದರೆ ಅದನ್ನೂ ಬರೆಯಿರಿ. ದೊಡ್ಡಪ್ಪ ಇನ್ನೂ ಹುಡುಕುತ್ತಲೇ ಇದ್ದಾರೆ.